ಮನೇಲೇ ಮಾಡ್ಕೊಳ್ಳೋ ಕೋವಿಡ್ ಟೆಸ್ಟ್ ಕಿಟ್: ಒಂದೇ ಗೆರೆ ಬಂತು ಅಂತ ಅಜ್ಜಿ ರೂಮಿಗೆ ನುಗ್ಬೇಡಿ

ಐದಕ್ಕೆ ಮೂರು ಸ್ಟಾರ್. ಕಿಟ್ ಕೆಟ್ಟದ್ದು ಅಂತಲ್ಲ, ಆದ್ರೆ "ಈಗ ಅಜ್ಜಿ ಹತ್ರ ಹೋಗ್ಬಹುದಾ" ಅಂತ ನಾವು ಕೇಳೋ ಪ್ರಶ್ನೆಗೆ ಉತ್ತರ ಅದರ ಹತ್ರ ಇಲ್ಲ.

ತಗೊಂಡಿದ್ದು ಜಯನಗರ ಫೋರ್ತ್ ಬ್ಲಾಕ್ ಕಡೆ ಒಂದು ಮೆಡಿಕಲ್ ಶಾಪಲ್ಲಿ. ಗಣೇಶನ ಹಬ್ಬಕ್ಕೆ ಅಕ್ಕ ಭಾವ ಮಗನ್ನ ಕರ್ಕೊಂಡು ರಾಜಾಜಿನಗರದಿಂದ ಬಂದಿದ್ರು, ಹುಡುಗ ಗುಂಡುಕಲ್ಲಿನ ಥರ ಇದ್ದ, ಕೆಮ್ಮಿಲ್ಲ ನೆಗಡಿ ಇಲ್ಲ, ಕಡುಬು ತಿಂದು ಅಜ್ಜಿ ತೊಡೆ ಮೇಲೆ ಮಲ್ಕೊಂಡು ಮೊಬೈಲ್ ನೋಡ್ದ, ರಾತ್ರಿ ಎಲ್ರೂ ಹಾಲಲ್ಲೇ ಹಾಸ್ಕೊಂಡ್ವಿ, ಮಳೆ ಅಂತ ಕಿಟಕಿ ಬೇರೆ ಹಾಕಿತ್ತು. ವಾಪಸ್ ಹೋದ್ಮೇಲೆ ಅವನಿಗೆ ಜ್ವರ, ಪಾಸಿಟಿವ್ ಅಂತ ಅಕ್ಕನ ಫೋನು. ಆಗ ಶುರುವಾಗಿದ್ದು ಈ ಕಿಟ್ ಪುರಾಣ.

ಬಳಸೋದು ಸುಲಭ. ಸ್ವಾಬ್ ಅನ್ನೋ ಕಡ್ಡಿನ ಮೂಗೊಳಗೆ 2ರಿಂದ 4 ಸೆಂಟಿಮೀಟರ್ ಹಾಕಿ ಎರಡೂ ಕಡೆ ಐದೈದು ಸುತ್ತು ತಿರುಗಿಸಿ, ಟ್ಯೂಬಲ್ಲಿರೋ ದ್ರವಕ್ಕೆ ಅದ್ದಿ, ಅದರ ಹನಿ ಟೆಸ್ಟ್ ಕಾರ್ಡ್ ಮೇಲೆ ಬಿಟ್ಟು 15 ನಿಮಿಷ ಕಾಯೋದು ಅಷ್ಟೇ. ಕಾರ್ಡಲ್ಲಿ ಸಿ ಅಕ್ಷರದ ಹತ್ರ ಮಾತ್ರ ಗೆರೆ ಬಂದ್ರೆ ನೆಗೆಟಿವ್, ಟಿ ಹತ್ರನೂ ಬಂದ್ರೆ ಪಾಸಿಟಿವ್, ಎಷ್ಟು ಮಸುಕಾಗಿದ್ರೂ ಪಾಸಿಟಿವ್ವೇ. 20 ನಿಮಿಷ ದಾಟಿದ್ಮೇಲೆ ಬರೋ ಗೆರೆ ಲೆಕ್ಕಕ್ಕಿಲ್ಲ. ಸೂಚನೆ ಚೀಟಿ ಅಕ್ಷರ ಮಾತ್ರ ಇರುವೆ ಸೈಜು, ಕನ್ನಡ ಅಂತೂ ಕೇಳ್ಲೇಬೇಡಿ, ಅಮ್ಮಂಗೆ ನಾನೇ ಓದಿ ಹೇಳ್ಬೇಕಾಯ್ತು.

ಅಮ್ಮಂಗೆ ಒಂದೇ ಗೆರೆ ಬಂತು. ಅಪ್ಪ ತಕ್ಷಣ "ನೋಡು, ಏನೂ ಇಲ್ಲ" ಅಂತ ಮಾಸ್ಕ್ ತೆಗೆದು ಅಜ್ಜಿ ಜೊತೆ ಕಾಫಿಗೆ ಕೂತ್ರು. ಮಾರನೇ ದಿನ ಅಮ್ಮಂಗೆ ಗಂಟಲು ಕೆರೆತ, ಇನ್ನೊಂದು ಕಿಟ್ ಮಾಡಿದ್ರೆ ಟಿ ಗೆರೆ ಕಡುಕೆಂಪು!

ಇದು ಕಿಟ್ ತಪ್ಪು ಅಂತ ಬೈಯೋರು ಬೈತಾರೆ, ನಾನಂತೂ ಬೈಯಲ್ಲ. ಮೂಗಲ್ಲಿ ವೈರಸ್ ಒಂದು ಮಟ್ಟಕ್ಕೆ ಬೆಳೆದ್ರೇನೇ ಈ ಆಂಟಿಜೆನ್ ಟೆಸ್ಟಿಗೆ, ಅಂದ್ರೆ ವೈರಸ್ಸಿನ ಪ್ರೋಟೀನ್ ಹುಡುಕೋ ಈ ಕಿಟ್ಟಿಗೆ ಕಾಣೋದು, ಲ್ಯಾಬಲ್ಲಿ ಮಾಡೋ ಆರ್‌ಟಿಪಿಸಿಆರ್ ಆದ್ರೆ ಚೂರು ಇದ್ರೂ ಹಿಗ್ಗಿಸಿ ಹಿಡಿಯುತ್ತೆ. ಜ್ವರ, ಮೈಕೈ ನೋವು ಬರೋದು ನಮ್ಮ ದೇಹ ತಿರುಗಿ ಬಿದ್ದಾಗ, ಅಷ್ಟರೊಳಗೆ ವೈರಸ್ ತನ್ನ ಪಾಡಿಗೆ ಬೆಳ್ಕೊಂಡು ಉಸಿರಲ್ಲಿ, ಮಾತಲ್ಲಿ, ಭಜನೇಲಿ ಹೊರಗೆ ಬರ್ತಾನೇ ಇರುತ್ತೆ, ಅದಕ್ಕೆ ಕೆಮ್ಮೇ ಬೇಕಂತಿಲ್ಲ. ಕೋವಿಡ್ ಲಕ್ಷಣಕ್ಕೆ ಒಂದೆರಡು ದಿನ ಮುಂಚೇನೇ ಹರಡಬಹುದು, ಫ್ಲೂ ಸುಮಾರು ಒಂದು ದಿನ ಮುಂಚೆ. ಅಂದ್ರೆ ಜ್ವರ ಬಂದ್ಮೇಲೆ ರೂಮ್ ಬೇರೆ, ತಟ್ಟೆ ಬೇರೆ ಮಾಡೋದು ಊರು ಕೊಳ್ಳೆ ಹೊಡೆದ್ಮೇಲೆ ಕೋಟೆ ಬಾಗಿಲು ಹಾಕಿದಂಗೆ. ಹಂಗಂತ ಮಾಡದೇ ಇರ್ಬೇಡಿ, ಇನ್ನೂ ಅಂಟದೇ ಇರೋರು ಮನೇಲಿ ಒಬ್ರಾದ್ರೂ ಇರ್ತಾರೆ, ನಮ್ಮನೇಲಿ ಪುಣ್ಯಕ್ಕೆ ಅಜ್ಜಿನೇ ಅದು.

2021ರ ಮೇನಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೋಂ ಟೆಸ್ಟಿಗೆ ಒಪ್ಪಿಗೆ ಕೊಟ್ಟಾಗ್ಲೇ ಹೇಳಿತ್ತು, ಪಾಸಿಟಿವ್ ಬಂದ್ರೆ ನಂಬಿ, ಲಕ್ಷಣ ಇದ್ದೂ ನೆಗೆಟಿವ್ ಬಂದ್ರೆ ಆರ್‌ಟಿಪಿಸಿಆರ್ ಮಾಡ್ಸಿ ಅಂತ. ಅದನ್ನ ಡಬ್ಬಿ ಮೇಲೇ ದಪ್ಪಕ್ಷರದಲ್ಲಿ ಹಾಕೋಕೆ ಏನ್ ಕಷ್ಟ?

ನಾನು ಮತ್ತೆ ತಗೋತೀನಿ, ಆದ್ರೆ ಜೋಡಿ ಲೆಕ್ಕದಲ್ಲಿ, ಒಂದು ಮಾಡಿ ಎರಡು ದಿನ ಬಿಟ್ಟು ಇನ್ನೊಂದು ಮಾಡೋಕೆ, ನಡುವೆ ವಯಸ್ಸಾದೋರ ಹತ್ರ ಮಾಸ್ಕು, ಕಿಟಕಿ ತೆಗೆದೇ. ಅಂಗಡೀಲಿ ಎಕ್ಸ್‌ಪೈರಿ ಡೇಟ್ ನೋಡಿ ತಗೊಳ್ಳಿ, ನಂಗೆ ಮೊದ್ಲು ಕೊಟ್ಟ ಡಬ್ಬಿ ಅದೇ ತಿಂಗಳು ಮುಗಿಯೋದಿತ್ತು, ಕೇಳಿದ್ಮೇಲೇನೇ ಬದಲಾಯಿಸಿ ಕೊಟ್ರು.