ರಿಮಿನಿಯ ಅಗ್ಗದ ಹೋಟೆಲು: ರೂಮು ನೋಡಬೇಡಿ, ಅಡುಗೆಮನೆ ನೋಡಿ

ಫೋಟೋದಲ್ಲಿ ರೂಮು ನೋಡಿ ಹೋಟೆಲು ಆರಿಸುವವರೇ ರಿಮಿನಿಯಲ್ಲಿ ಹೆಚ್ಚಾಗಿ ಬೇಸರಪಡುವುದು. ಇಟಲಿಯ ಆಡ್ರಿಯಾಟಿಕ್ ಕರಾವಳಿಯ ಈ ಊರಿಗೆ ಸುಮಾರು 15 ಕಿ.ಮೀ. ಮರಳಿನ ದಂಡೆ ಇದೆ, ಅದರ ಹಿಂದೆ ಸಾಲುಸಾಲು ಹೋಟೆಲುಗಳಿವೆ. ಎರಡು, ಮೂರು ನಕ್ಷತ್ರದವು ಬಹುತೇಕ ಒಂದೇ ಅಚ್ಚಿನವು. 1950-60ರ ದಶಕಗಳಲ್ಲಿ ಎದ್ದ ನಾಲ್ಕೈದು ಮಹಡಿಯ ಕಟ್ಟಡ, ಪ್ರತಿ ರೂಮಿಗೂ ಒಂದು ಕಿರು ಬಾಲ್ಕನಿ, ಕೆಳಗೆ ಊಟದ ಹಾಲ್. ಮನೆಯವರೇ ನಡೆಸುವ ಹೋಟೆಲಾದರೆ ಯಜಮಾನ ರಿಸೆಪ್ಶನ್‌ನಲ್ಲಿ ಕೂತಿರುತ್ತಾನೆ, ಹೆಂಡತಿಯೋ ಅತ್ತೆಯೋ ಒಲೆ ಮುಂದೆ ಇರುತ್ತಾರೆ. ಇಂಥ ಕಡೆ ರೂಮಿಗೆ ಹತ್ತಕ್ಕೆ ಐದು ಅಂಕ, ಊಟಕ್ಕೆ ಎಂಟು. ಆ ಲೆಕ್ಕ ಗೊತ್ತಿದ್ದು ಹೋದರೆ ಕೊಟ್ಟ ಕಾಸು ದಕ್ಕುತ್ತದೆ.

ಮೊದಲು ರೂಮನ್ನೇ ನೋಡೋಣ. ಇಬ್ಬರ ರೂಮಿನಲ್ಲಿ ಮಂಚ, ಒಂದು ಕಪಾಟು, ಒಂದು ಕುರ್ಚಿ ಇಟ್ಟ ಮೇಲೆ ಎರಡು ದೊಡ್ಡ ಸೂಟ್‌ಕೇಸುಗಳನ್ನು ಒಟ್ಟಿಗೆ ತೆರೆದಿಡಲು ಜಾಗ ಉಳಿಯುವುದಿಲ್ಲ. ‘ಮಾತ್ರಿಮೋನಿಯಾಲೆ’ ಎಂದರೆ ಜೋಡಿ ಮಂಚ. ಅದು ಎಷ್ಟೋ ಕಡೆ ಎರಡು ಒಂಟಿ ಮಂಚಗಳನ್ನು ಕೂಡಿಸಿ ಮೇಲೊಂದು ಹೊದಿಕೆ ಹಾಸಿದ್ದೇ ಆಗಿರುತ್ತದೆ, ನಡುವಿನ ಸಂದು ಬೆನ್ನಿಗೆ ತಾಗುತ್ತದೆ. ಬೇರೆಬೇರೆ ಮಂಚ ಬೇಕಿದ್ದರೆ ‘ದೊಪ್ಪಿಯಾ’ ಎಂದು ಮೊದಲೇ ಬರೆದು ತಿಳಿಸಿ. ‘ಅಲ್ಲಾ ಫ್ರಾಂಚೇಸೆ’ ಎಂದಿದ್ದರೆ ಸುಮಾರು 140 ಸೆಂ.ಮೀ. ಅಗಲದ ಒಂದೇ ಮಂಚ, ಇಬ್ಬರಿಗೆ ಇಕ್ಕಟ್ಟು.

ನೋಟದ ವಿಷಯಕ್ಕೆ ಮೂರು ಪದ ಕಲಿತಿರಬೇಕು. ‘ವಿಸ್ತಾ ಮಾರೆ’ ಎಂದರೆ ಎದುರಿಗೇ ಕಡಲು. ‘ಲಾತೊ ಮೊಂತೆ’ ಎಂದರೆ ಬೆಟ್ಟದ ದಿಕ್ಕು, ಅಂದರೆ ಪಕ್ಕದ ಹೋಟೆಲಿನ ಹಿಂಗೋಡೆ. ‘ವಿಸ್ತಾ ಮಾರೆ ಲಾತೆರಾಲೆ’ ಎಂದರೆ ಪಕ್ಕದಿಂದ ಕಡಲು. ಬಾಲ್ಕನಿಯ ಮೂಲೆಗೆ ಹೋಗಿ ಕಂಬಿ ಹಿಡಿದು ಕತ್ತು ಚಾಚಿದರೆ ಎರಡು ಕಟ್ಟಡಗಳ ನಡುವೆ ಅಂಗೈಯಗಲದ ನೀಲಿ ಕಾಣುತ್ತದೆ, ಅಷ್ಟಕ್ಕೇ ರಾತ್ರಿಗೆ ಹತ್ತು ಹದಿನೈದು ಯೂರೊ ಹೆಚ್ಚು. ಕಡಲು ಐದು ನಿಮಿಷದ ನಡಿಗೆಯಲ್ಲಿರುವಾಗ ಈ ದುಡ್ಡು ದಂಡ. ಬದಲಿಗೆ ಮೇಲಿನ ಮಹಡಿ ಕೇಳಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಸದ್ದು, ಬೀದಿಯ ಸಂಗೀತ ಎರಡೂ ಅಲ್ಲಿ ಕಡಿಮೆ. ಲಿಫ್ಟು ಇರುತ್ತದೆ, ಆದರೆ ಮೂರು ಜನ ನಿಂತರೆ ಪೆಟ್ಟಿಗೆಗೆ ಜಾಗವಿಲ್ಲ.

ಬಚ್ಚಲುಮನೆ ಆಮೇಲೆ ರೂಮಿನ ಮೂಲೆಯಿಂದ ಕಡಿದು ಮಾಡಿದ್ದು, ಹಾಗಾಗಿ ಇಕ್ಕಟ್ಟು. ಹಳೆಯ ಹೋಟೆಲುಗಳಲ್ಲಿ ಶವರ್‌ಗೆ ಗಾಜಿನ ಗೂಡು ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಪರದೆ, ನೆಲದಲ್ಲೇ ಒಂದು ಜಾಲರಿ, ಅಷ್ಟೇ. ಸ್ನಾನ ಮುಗಿದಾಗ ಕಮೋಡಿನ ಬುಡದವರೆಗೆ ನೀರು. ಯುರೋಪಿನ ಬೇರೆಯವರು ಇದಕ್ಕೆ ಒಂದು ನಕ್ಷತ್ರ ಕಡಿಮೆ ಕೊಟ್ಟು ಗೊಣಗುತ್ತಾರೆ, ನಮ್ಮ ಬಚ್ಚಲಿನಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ. ಟಾಯ್ಲೆಟ್ ಪೇಪರಿನ ಸುರುಳಿಯನ್ನು ಮಾತ್ರ ಮೊದಲು ಎತ್ತರದಲ್ಲಿಡಿ. ಸಂಜೆ ಆರೇಳಕ್ಕೆ ಕಡಲಿಂದ ಬಂದವರೆಲ್ಲ ಒಟ್ಟಿಗೆ ಸ್ನಾನಕ್ಕಿಳಿಯುವುದರಿಂದ ಮೇಲಿನ ಮಹಡಿಯಲ್ಲಿ ನೀರಿನ ರಭಸ ಇಳಿಯುತ್ತದೆ, ಐದಕ್ಕೇ ಮುಗಿಸಿಕೊಳ್ಳುವುದು ವಾಸಿ.

ಯುರೋಪಿಗೆ ಹೋದ ನಮ್ಮವರ ಮೊದಲ ಕಷ್ಟ ನೀರಿಲ್ಲದ ಟಾಯ್ಲೆಟ್ಟು. ಇಟಲಿಯಲ್ಲಿ ಆ ಕಷ್ಟ ಅರ್ಧ ನೀಗಿದೆ. ಕಮೋಡಿನ ಪಕ್ಕ ಇರುವ, ಕೂತು ತೊಳೆದುಕೊಳ್ಳುವ ತಗ್ಗಾದ ಬೇಸಿನ್ನಿನಂಥದ್ದೇ ಬಿದೆ. ಮನೆಗಳಲ್ಲಿ ಅದು ಇರಲೇಬೇಕೆಂದು 1975ರ ಆರೋಗ್ಯ ಸಚಿವಾಲಯದ ಆದೇಶವೇ ಹೇಳುತ್ತದೆ. ಹೋಟೆಲುಗಳಲ್ಲೂ ಬಹುಪಾಲು ಇದ್ದೇ ಇರುತ್ತದೆ, ಬಿಸಿನೀರು ಸಹಿತ. ಕಾಲು ತೊಳೆಯುವ ತೊಟ್ಟಿ ಎಂದುಕೊಂಡು ಮರಳು ಸುರಿಯಬೇಡಿ, ಕಟ್ಟಿಕೊಳ್ಳುತ್ತದೆ. ಕಾಲಿನ ಮರಳು ತೊಳೆಯಲು ಹೋಟೆಲಿನ ಬಾಗಿಲ ಬಳಿಯೇ ಕೊಳಾಯಿ ಇರುವುದುಂಟು. ಇನ್ನೊಂದು: ಶವರ್ ಪಕ್ಕ ಚಾವಣಿಯಿಂದ ಒಂದು ದಾರ ಇಳಿಬಿದ್ದಿರುತ್ತದೆ. ಫ್ಯಾನಿನದ್ದೋ ದೀಪದ್ದೋ ಇರಬೇಕೆಂದು ಎಳೆದರೆ ಕೆಳಗೆ ರಿಸೆಪ್ಶನ್‌ನಲ್ಲಿ ಗಂಟೆ ಬಡಿದುಕೊಳ್ಳುತ್ತದೆ. ಜಾರಿ ಬಿದ್ದವರು ಸಹಾಯ ಕರೆಯಲು ಇಟ್ಟ ದಾರ ಅದು. ಬಟ್ಟೆ ಒಣಹಾಕಲೂ ಬೇಡ.

ಕಿಟಕಿಗೆ ಪರದೆಯ ಬದಲು ‘ತಪ್ಪಾರೆಲ್ಲಾ’ ಇರುತ್ತದೆ. ಪಟ್ಟಿಪಟ್ಟಿಯ ಸುರುಳಿ ಬಾಗಿಲು, ಗೋಡೆಯಲ್ಲಿನ ಪಟ್ಟಿ ಎಳೆದರೆ ಮೇಲೇರುತ್ತದೆ. ಇಳಿಸುವಾಗ ಪಟ್ಟಿಯನ್ನು ಕೈಯಿಂದ ಬಿಟ್ಟೇ ಬಿಟ್ಟರೆ ಪೂರಾ ಭಾರ ಒಮ್ಮೆಗೇ ದಢಾರನೆ ಬಿದ್ದು ಪಟ್ಟಿಗಳು ಸೀಳುತ್ತವೆ. ಒಂದು ಕೈಯಲ್ಲಿ ಪಟ್ಟಿ ಹಿಡಿದು ಇನ್ನೊಂದು ಕೈಗೆ ದಾಟಿಸುತ್ತಾ ಇಳಿಸಬೇಕು, ಬಾವಿಯ ಹಗ್ಗ ಬಿಟ್ಟ ಹಾಗೆ. ಬೆಳಗ್ಗೆ ಐದೂವರೆಗೇ ಬೆಳಕಾಗುವ ಜೂನಿನಲ್ಲಿ ಇದಿಲ್ಲದೆ ನಿದ್ದೆಯಿಲ್ಲ. ಸೊಳ್ಳೆಪರದೆ ಎಲ್ಲ ಕಡೆ ಇರುವುದಿಲ್ಲ, ಸೊಳ್ಳೆ ಮಾತ್ರ ಎಲ್ಲ ಕಡೆ ಇದೆ. ಹಚ್ಚಿಕೊಳ್ಳುವ ಕ್ರೀಮು ಇಟ್ಟುಕೊಳ್ಳಿ.

ಕರೆಂಟು ನಮ್ಮಂತೆಯೇ 230 ವೋಲ್ಟ್. ಮೊಬೈಲ್ ಚಾರ್ಜರಿನ ಎರಡು ಕಡ್ಡಿಯ ಪ್ಲಗ್ಗು ನೇರವಾಗಿ ಹೋಗುತ್ತದೆ. ಲ್ಯಾಪ್‌ಟಾಪಿನ ಮೂರು ಕಡ್ಡಿಯದ್ದು ಹೋಗುವುದಿಲ್ಲ, ಏಕೆಂದರೆ ಇಟಲಿಯ ಸಾಕೆಟ್ಟಿನ ಮೂರು ತೂತುಗಳು ಒಂದೇ ಗೆರೆಯಲ್ಲಿವೆ. ಒಂದು ಅಡಾಪ್ಟರ್ ಬೇಕೇ ಬೇಕು. ರೂಮಿನಲ್ಲಿ ಕೆಟಲ್ ಇರುವುದಿಲ್ಲ, ಚಹಾ ಮಾಡಿಕೊಳ್ಳುವ ಆಸೆ ಬಿಡಿ.

ಈಗ ಊಟಕ್ಕೆ ಬರೋಣ, ರಿಮಿನಿಯ ಅಗ್ಗದ ಹೋಟೆಲಿನ ಮರ್ಯಾದೆ ಉಳಿದಿರುವುದೇ ಇಲ್ಲಿ. ಬುಕ್ ಮಾಡುವಾಗ ಮೂರು ಆಯ್ಕೆ ಕಾಣುತ್ತವೆ. ಬರೀ ಬೆಳಗಿನ ತಿಂಡಿ ಒಂದು. ತಿಂಡಿಯ ಜೊತೆ ರಾತ್ರಿಯೂಟ ಸೇರಿದ ‘ಮೆದ್ಜಾ ಪೆನ್ಸಿಯೋನೆ’ ಇನ್ನೊಂದು. ಮಧ್ಯಾಹ್ನದ್ದೂ ಸೇರಿದ್ದು ‘ಪೆನ್ಸಿಯೋನೆ ಕಂಪ್ಲೇತಾ’. ನಡುವಿನದನ್ನೇ ತೆಗೆದುಕೊಳ್ಳಿ. ಬರೀ ತಿಂಡಿಯ ದರಕ್ಕಿಂತ ತಲೆಗೆ ಹದಿನೈದಿಪ್ಪತ್ತು ಯೂರೊ ಜಾಸ್ತಿ, ಅದೇ ಊಟ ಹೊರಗೆ ಮಾಡಿದರೆ ಇಪ್ಪತ್ತೈದು ಮೂವತ್ತು ಮುಟ್ಟುತ್ತದೆ, ‘ಕೋಪೆರ್ತೊ’ ಎಂದು ಎಲೆ ಹಾಕಿದ ಬಾಬ್ತು ತಲೆಗೆ ಎರಡು ಮೂರು ಯೂರೊ ಬೇರೆ. ಮೂರೂ ಹೊತ್ತಿನದು ತೆಗೆದುಕೊಂಡರೆ ಮಧ್ಯಾಹ್ನ ಊಟಕ್ಕೆಂದೇ ಹೋಟೆಲಿಗೆ ಓಡಿಬರಬೇಕಾಗುತ್ತದೆ, ಸಾನ್ ಮರಿನೋ, ರವೆನ್ನಾ ನೋಡುವ ದಿನ ಅದು ನಷ್ಟ.

ಬೆಳಗಿನ ತಿಂಡಿಯ ಹೊತ್ತಿಗೆ ಮೇಜಿನ ಮೇಲೆ ಒಂದು ಚೀಟಿ ಇಟ್ಟಿರುತ್ತಾರೆ. ಅದು ರಾತ್ರಿಯೂಟದ ಪಟ್ಟಿ. ಮೊದಲ ಸುತ್ತಿಗೆ ಪಾಸ್ತಾ ಅಥವಾ ಸೂಪು, ಎರಡನೆಯದಕ್ಕೆ ಮೀನು ಅಥವಾ ಮಾಂಸ, ಗುರುತು ಹಾಕಿ ಕೊಡಬೇಕು. ಅಡುಗೆಯವರು ಅಷ್ಟೇ ಲೆಕ್ಕದಲ್ಲಿ ಮಾಡುವುದರಿಂದಲೇ ಈ ಬೆಲೆಗೆ ಈ ರುಚಿ ಸಾಧ್ಯ. ಚೀಟಿ ಮರೆತರೆ ಮಿಕ್ಕಿದ್ದು ಸಿಗುತ್ತದೆ. ಊಟದ ಹೊತ್ತು ಸಾಮಾನ್ಯವಾಗಿ 7.30ರಿಂದ 8.30. ಒಂಬತ್ತಕ್ಕೆ ಹೋಗಿ ನಿಂತರೆ ಮೇಜು ಒರೆಸುತ್ತಿರುತ್ತಾರೆ, ತಪ್ಪಿಸಿದ ಊಟಕ್ಕೆ ದುಡ್ಡು ವಾಪಸಿಲ್ಲ. ‘ಬೆವಾಂದೆ ಎಸ್‌ಕ್ಲೂಜೆ’ ಎಂದು ಬರೆದಿದ್ದರೆ ಕುಡಿಯುವುದಕ್ಕೆಲ್ಲ ಬೇರೆ ಬಿಲ್ಲು, ನೀರಿನ ಬಾಟಲಿಗೂ. ನಲ್ಲಿ ನೀರು ಕುಡಿಯಲು ಯೋಗ್ಯವೇ, ಆದರೆ ಊಟದ ಹಾಲ್‌ನಲ್ಲಿ ಕೇಳಿದರೆ ಮುಖ ಗಂಟಿಕ್ಕುವವರುಂಟು.

ಸಸ್ಯಾಹಾರಿಗಳಿಗೆ ಒಂದು ಒಳ್ಳೆಯ ಸುದ್ದಿ, ಹಲವು ಎಚ್ಚರಿಕೆ. ಒಳ್ಳೆಯದು ತರಕಾರಿಯ ಬಫೆ. ಸುಟ್ಟ ಬದನೆ, ದೊಣ್ಣೆಮೆಣಸಿನಕಾಯಿ, ಬೇಯಿಸಿದ ಹುರುಳಿಕಾಯಿ, ಟೊಮೇಟೊ, ಸೊಪ್ಪು, ಬೇಕಾದಷ್ಟು ಬಡಿಸಿಕೊಳ್ಳಬಹುದು. ಎಚ್ಚರಿಕೆಯಲ್ಲಿ ಮೊದಲನೆಯದು ಪಿಯಾದೀನಾ. ನೋಡಲು ನಮ್ಮ ದಪ್ಪ ಚಪಾತಿಯ ಅಕ್ಕನಂತಿರುವ ಈ ರೊಮಾನ್ಯಾ ಸೀಮೆಯ ರೊಟ್ಟಿಯನ್ನು ಹಂದಿಯ ಕೊಬ್ಬು ಹಾಕಿ ನಾದುವುದು ವಾಡಿಕೆ. ಆ ಕೊಬ್ಬಿಗೆ ‘ಸ್ಟ್ರುತ್ತೊ’ ಎನ್ನುತ್ತಾರೆ. ಆಲಿವ್ ಎಣ್ಣೆಯಲ್ಲಿ ಮಾಡಿದ್ದೂ ಸಿಗುತ್ತದೆ, ‘ಅಲ್‌ಲೋಲಿಯೊ?’ ಎಂದು ಕೇಳಿಯೇ ಕೊಳ್ಳಿ. ಒಳಗೆ ಸ್ಕ್ವಾಕ್ವೆರೋನೆ ಎಂಬ ಮೆತ್ತನೆಯ ಗಿಣ್ಣು, ರುಕೋಲಾ ಸೊಪ್ಪು ಇಟ್ಟು ಕೊಟ್ಟರೆ ಮಧ್ಯಾಹ್ನದ ಊಟ ಐದಾರು ಯೂರೊಗೆ ಮುಗಿಯುತ್ತದೆ. ಎರಡನೆಯದು ಸೂಪು. ಕಪ್ಪೆಲ್ಲೆತ್ತಿ, ಪಸ್ಸಾತೆಲ್ಲಿ ಎಂಬ ಪಾಸ್ತಾಗಳೆಲ್ಲ ತೇಲುವುದು ಮಾಂಸದ ರಸದಲ್ಲಿ. ಮೂರನೆಯದು ತುರಿದು ಉದುರಿಸುವ ಪಾರ್ಮೆಜಾನ್ ಗಿಣ್ಣು, ಅದಕ್ಕೆ ಕರುವಿನ ಹೊಟ್ಟೆಯ ಹೆಪ್ಪೇ ಬೇಕೆಂಬುದು ಅದರ ನಿಯಮ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಟೂನಾ ಮೀನು ಬಂದು ಕೂರಬಹುದು. ‘ಸೆಂಜಾ ಕಾರ್ನೆ, ಸೆಂಜಾ ಪೆಶ್ಶೆ, ಸೆಂಜಾ ಬ್ರೋದೊ’, ಮಾಂಸ ಬೇಡ, ಮೀನು ಬೇಡ, ಮಾಂಸದ ರಸ ಬೇಡ ಎಂದು ಬಿಡಿಸಿ ಹೇಳಿ. ಮೊಟ್ಟೆಯೂ ಬೇಡವೆಂದರೆ ತಾಲ್ಯಾತೆಲ್ಲೆ ಪಾಸ್ತಾ ಬಿಟ್ಟು ಸ್ಟ್ರೊತ್ಸಾಪ್ರೆತಿ ಪಾಸ್ತಾ ಕೇಳಿ, ಅದನ್ನು ಸಾಮಾನ್ಯವಾಗಿ ಹಿಟ್ಟು ನೀರಲ್ಲೇ ಮಾಡುತ್ತಾರೆ. ಮನೆಯವರೇ ನಡೆಸುವ ಹೋಟೆಲಾದರೆ ಬುಕ್ ಮಾಡಿದ ದಿನವೇ ಈ ಮೂರು ಸಾಲು ಮೇಲ್ ಮಾಡಿದರೆ ಸಾಕು, ಬೇರೆಯೇ ಮಾಡಿಟ್ಟಿರುತ್ತಾರೆ. ದೊಡ್ಡ ಹೋಟೆಲುಗಳಿಗಿಂತ ಇವು ಮೇಲೆನ್ನುವುದು ಇದಕ್ಕೇ.

ಬೆಳಗಿನ ತಿಂಡಿ ಮಾತ್ರ ಸಪ್ಪೆ. ಕೊರ್ನೆತ್ತೊ ಎಂಬ ಸಿಹಿ ಬನ್ನು, ಒಣ ರಸ್ಕು, ಜಾಮು, ಮೆಶೀನಿನ ಜ್ಯೂಸು. ಕಾಫಿ ಚೆನ್ನ.

ಬೆಲೆ. ತಿಂಡಿ, ರಾತ್ರಿಯೂಟ ಸೇರಿ ಜೂನ್ ಮೊದಲರ್ಧದಲ್ಲಿ, ಸೆಪ್ಟೆಂಬರಿನಲ್ಲಿ ತಲೆಗೆ ದಿನಕ್ಕೆ ಸುಮಾರು 45ರಿಂದ 65 ಯೂರೊ. ಆಗಸ್ಟ್ 15ರ ಫೆರ್ರಾಗೋಸ್ತೊ ಹಬ್ಬದ ಹಿಂದುಮುಂದಿನ ಎರಡು ವಾರ ಇಡೀ ಇಟಲಿ ಕಡಲಿಗಿಳಿಯುತ್ತದೆ. ದರ ಒಂದೂವರೆ ಪಟ್ಟು ಏರುತ್ತದೆ, ಒಂದೆರಡು ರಾತ್ರಿಗೆ ರೂಮೇ ಕೊಡುವುದಿಲ್ಲ, ವಾರವಿಡೀ ಇರಬೇಕೆನ್ನುತ್ತಾರೆ. ಸೆಪ್ಟೆಂಬರಿನಲ್ಲೂ ಪಕ್ಕದ ಮಿಸಾನೊದಲ್ಲಿ ಮೋಟೊಜಿಪಿ ಬೈಕ್ ರೇಸು ನಡೆಯುವ ವಾರಾಂತ್ಯ ತಪ್ಪಿಸಿ. ಜನವರಿಯಲ್ಲಿ ಐಸ್‌ಕ್ರೀಮಿನವರ ದೊಡ್ಡ ಮೇಳ ನಡೆದಾಗಲೂ ತೆರೆದಿರುವ ಹೋಟೆಲುಗಳೆಲ್ಲ ಭರ್ತಿ. ತೆರೆದಿರುವ ಎಂದೆ, ಏಕೆಂದರೆ ಅಗ್ಗದ ಹೋಟೆಲುಗಳಲ್ಲಿ ಬಹಳಷ್ಟು ಬೇಸಿಗೆಗೆ ಮಾತ್ರ ಬಾಗಿಲು ತೆಗೆಯುವುದು.

ಪರದೆಯ ಮೇಲೆ ಕಂಡ ದರಕ್ಕೆ ಸೇರದವು ಇನ್ನೂ ಇವೆ. ಊರಲ್ಲಿ ತಂಗಿದ್ದಕ್ಕೆ ಕಟ್ಟುವ ತೆರಿಗೆ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂಬ ಲೆಕ್ಕ. ನಕ್ಷತ್ರ ಹೆಚ್ಚಿದಂತೆ ಹೆಚ್ಚುತ್ತದೆ, ಇದನ್ನು ಹೋಟೆಲಿನಲ್ಲೇ ಕಟ್ಟಬೇಕು, ನಗದು ಕೇಳುವವರೇ ಜಾಸ್ತಿ. ಕೆಲವರು ಎ.ಸಿ.ಗೆ ದಿನಕ್ಕೆ ಐದಾರು ಯೂರೊ ಬೇರೆ ಹಾಕುತ್ತಾರೆ. ಕಾರು ನಿಲ್ಲಿಸಲೂ ದುಡ್ಡು, ಆ ಜಾಗವೂ ನಾಲ್ಕು ಬೀದಿ ಆಚೆ ಇರಬಹುದು. ‘ಎ.ಸಿ., ಪಾರ್ಕಿಂಗ್, ಕಡಲದಂಡೆ ಇವು ದರದಲ್ಲಿ ಸೇರಿವೆಯೇ’ ಎಂದು ಬರಹದಲ್ಲೇ ಉತ್ತರ ಪಡೆಯಿರಿ.

ಕಡಲದಂಡೆ ಸೇರಿದೆಯೇ ಎಂದು ಕೇಳುವುದು ನಮ್ಮ ಮಲ್ಪೆ, ಗೋಕರ್ಣ ನೋಡಿದವರಿಗೆ ವಿಚಿತ್ರ. ಇಲ್ಲಿ ದಂಡೆಯ ಬಹುಭಾಗ ‘ಬಾನ್ಯೊ’ಗಳ ಕೈಯಲ್ಲಿದೆ, ಅಂದರೆ ದಂಡೆಯ ತುಂಡನ್ನು ಗುತ್ತಿಗೆ ಹಿಡಿದು ಕೊಡೆ, ಕುರ್ಚಿ ಬಾಡಿಗೆಗೆ ಕೊಡುವವರ ಕೈಯಲ್ಲಿ. ಬಂದರು ಕಾಲುವೆಯ ದಕ್ಷಿಣಕ್ಕೆ 1ರಿಂದ ಶುರುವಾಗಿ ದಕ್ಷಿಣ ತುದಿಯ ಮಿರಮಾರೆ ಕಡೆ ಹೋದಂತೆ 150ರ ಹತ್ತಿರಕ್ಕೆ ಬಾನ್ಯೊದ ನಂಬರು ಏರುತ್ತದೆ. ಒಂದು ಕೊಡೆ, ಎರಡು ಒರಗು ಕುರ್ಚಿಗೆ ದಿನಕ್ಕೆ 20ರಿಂದ 35 ಯೂರೊ, ನೀರಿಗೆ ಹತ್ತಿರದ ಸಾಲಾದಷ್ಟೂ ದುಬಾರಿ. ಹೋಟೆಲಿಗೂ ಒಂದು ಬಾನ್ಯೊಗೂ ಒಪ್ಪಂದವಿದ್ದರೆ ರಿಯಾಯಿತಿ ಸಿಗುತ್ತದೆ. ಬರೀ ನೀರಿಗಿಳಿಯಲು ಯಾರೂ ತಡೆಯುವಂತಿಲ್ಲ, ಬಾನ್ಯೊ ಮೂಲಕ ನೀರಿನಂಚಿಗೆ ಹೋಗುವ ಹಕ್ಕು ಎಲ್ಲರದು. ಬಟ್ಟೆ ಹಾಸಿ ಕೂರಲು ಬಂದರಿನ ಪಕ್ಕ ಪಿಯಾತ್ಸಾಲೆ ಬೊಸ್ಕೊವಿಕ್ ಬಳಿ ಪುಕ್ಕಟೆ ದಂಡೆ ಇದೆ. ನೀರು ಬಹು ದೂರದವರೆಗೆ ಸೊಂಟದಷ್ಟೇ, ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಸ್ಫಟಿಕದಂಥ ನೀರು ಬೇಕೆನ್ನುವವರು ಈ ಊರಿಗೆ ಬರಬಾರದು.

ಜಾಗದ ಆಯ್ಕೆಯಲ್ಲಿ ನಮ್ಮ ಮತ ಬೆಲ್ಲಾರಿವಾ, ಮಾರೆಬೆಲ್ಲೊ ಬಡಾವಣೆಗಳ ಕಡೆಗೆ. ಕಡಲತೀರದ ನಡುಭಾಗವಾದ ಮರಿನಾ ಚೆಂತ್ರೊ, ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ, ಆದರೆ ಅದೇ ಹಣಕ್ಕೆ ಹಳೆಯ ರೂಮು, ರಾತ್ರಿ ಎರಡರವರೆಗೂ ಗದ್ದಲ. ದಕ್ಷಿಣಕ್ಕೆ ಎರಡು ಮೂರು ಕಿ.ಮೀ. ಸರಿದು ಬೆಲ್ಲಾರಿವಾ ಕಡೆ ಬಂದರೆ ದರ, ಗದ್ದಲ ಎರಡೂ ಇಳಿಯುತ್ತವೆ, ಕಡಲ ಪಕ್ಕದ ರಸ್ತೆಯಲ್ಲಿ 11ನೇ ನಂಬರಿನ ಬಸ್ಸು ಓಡಾಡುತ್ತಲೇ ಇರುತ್ತದೆ. ಉತ್ತರದ ವಿಸೆರ್ಬಾ ಇನ್ನೂ ಅಗ್ಗ, ಆದರೆ ಅಲ್ಲಿ ರವೆನ್ನಾ ರೈಲುಹಳಿ ಕಡಲಿಗೆ ತೀರಾ ಹತ್ತಿರ. ರೂಮಿನ ಹಿಂದೆ ಹಳಿಯಿದೆಯೇ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ.

ಮುಂಗಡದ ವಿಷಯ. ನೇರವಾಗಿ ಹೋಟೆಲಿಗೆ ಬರೆದರೆ ಶೇ 30ರಷ್ಟು ಬ್ಯಾಂಕಿಗೆ ಹಾಕಿ ಎನ್ನುತ್ತಾರೆ. ಅದನ್ನು ‘ಕಪಾರ್ರಾ ಕಾನ್ಫೆರ್ಮತೋರಿಯಾ’ ಎಂದು ಕರೆದಿದ್ದರೆ ನೀವು ಹೋಗದಿದ್ದಾಗ ಆ ಹಣ ಅವರದ್ದು, ಅವರೇ ಮಾತು ತಪ್ಪಿದರೆ ಎರಡರಷ್ಟು ವಾಪಸ್ ಕೇಳಬಹುದು. ಇಟಲಿಯ ಸಿವಿಲ್ ಸಂಹಿತೆಯ 1385ನೇ ವಿಧಿ ಹೇಳುವುದು ಹೀಗೆ. ಷೆಂಗೆನ್ ವೀಸಾಕ್ಕೆ ತಂಗುವ ಜಾಗದ ದಾಖಲೆ ತೋರಿಸಬೇಕಾದ ನಮ್ಮವರು ವೀಸಾ ಕೈಗೆ ಬರುವವರೆಗೆ ಕಪಾರ್ರಾ ಕಟ್ಟದೆ, ಪುಕ್ಕಟೆ ರದ್ದು ಮಾಡಬಹುದಾದ ಬುಕಿಂಗನ್ನೇ ಇಟ್ಟುಕೊಳ್ಳುವುದು ಸರಿ. ಜಾಹೀರಾತಿನಲ್ಲಿ ‘ಚಿನ್’ ಎಂಬ ರಾಷ್ಟ್ರೀಯ ಸಂಕೇತ ಸಂಖ್ಯೆ ಇದೆಯೇ ನೋಡಿ. 2025ರಿಂದ ಅದು ಕಡ್ಡಾಯ, ಇಲ್ಲದವರ ಹತ್ತಿರ ವ್ಯವಹಾರ ಬೇಡ.

ಹೋದ ಕೂಡಲೇ ಎಲ್ಲರ ಪಾಸ್‌ಪೋರ್ಟ್ ಕೇಳುತ್ತಾರೆ, ಗಾಬರಿ ಬೇಡ. ತಂಗಿದವರ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಆನ್‌ಲೈನಿನಲ್ಲಿ ಕಳಿಸುವುದು ಹೋಟೆಲಿನ ಕರ್ತವ್ಯ. ಬರೆದುಕೊಂಡು ವಾಪಸ್ ಕೊಡಬೇಕು, ಹೊರಡುವವರೆಗೂ ಇಟ್ಟುಕೊಳ್ಳುತ್ತೇವೆಂದರೆ ಒಪ್ಪಬೇಡಿ. ಸಣ್ಣ ಹೋಟೆಲಿನಲ್ಲಿ ರಾತ್ರಿ ಕಾವಲಿನವ ಇರುವುದಿಲ್ಲ. ಹನ್ನೆರಡರ ಮೇಲೆ ತಲುಪುವುದಾದರೆ ಫೋನ್ ಮಾಡಿ ಹೇಳಿ, ದಿನವೂ ತಡವಾಗುವುದಾದರೆ ಮುಂಬಾಗಿಲ ಕೀಲಿ ಕೇಳಿ ಇಟ್ಟುಕೊಳ್ಳಿ.

ರೂಮು ಬಿಡುವ ಹೊತ್ತು ಬೆಳಗ್ಗೆ ಹತ್ತು. ಪೆಟ್ಟಿಗೆಗಳನ್ನು ರಿಸೆಪ್ಶನ್ ಹಿಂದೆ ಇಟ್ಟು ಸಂಜೆಯವರೆಗೂ ಕಡಲಲ್ಲಿರಬಹುದು, ಕೊನೆಯ ಸ್ನಾನಕ್ಕೆ ಬಾನ್ಯೊದ ಶವರ್ ಇದೆ, ಬಿಸಿನೀರಿಗೆ ಚಿಲ್ಲರೆ ನಾಣ್ಯ ಕೇಳಬಹುದು. ಬೊಲೊನ್ಯಾಕ್ಕೆ ‘ರೆಜೊನಾಲೆ’ ಎಂಬ ಪ್ರಾದೇಶಿಕ ರೈಲು ಸುಮಾರು ಒಂದೂವರೆ ಗಂಟೆಯ ದಾರಿ. ಕಾಗದದ ಟಿಕೆಟ್ಟಾದರೆ ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಿ. ಮರೆತರೆ ಬೀಳುವ ದಂಡದಲ್ಲಿ ರಿಮಿನಿಯಲ್ಲಿ ಇನ್ನೊಂದು ರಾತ್ರಿಯೂಟ ಮಾಡಬಹುದಿತ್ತು.