ಮರಸು ಕೂರುವವರಿಗೆ 8×42 ದುರ್ಬೀನು: ಎರಡು ಮಳೆಗಾಲ ಕಳೆದ ಮೇಲೆ

ನಮ್ಮ ಅಜ್ಜ ಶಿಕಾರಿಯವರು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಕೋವಿ ಬಿಟ್ಟರಂತೆ, ಮರಸು ಕೂರುವುದನ್ನು, ಅಂದರೆ ಮರೆಯಲ್ಲಿ ಸದ್ದಿಲ್ಲದೆ ಕೂತು ಪ್ರಾಣಿಗೆ ಕಾಯುವುದನ್ನು, ಬಿಡಲಿಲ್ಲ. ಆ ಚಟ ನನಗೂ ಬಂದಿದೆ. ಆಗುಂಬೆ ದಾರಿಯಲ್ಲಿ ನಮ್ಮ ಅಡಿಕೆ ತೋಟ ಕಾಡಿಗೆ ತಾಗಿಕೊಂಡೇ ಇದೆ. ಸಂಜೆ ಬೇಲಿ ಹತ್ತಿರ ಕೂತರೆ ಕಾಟಿ (ಕಾಡುಕೋಣ), ಕಡವೆ, ಅದೃಷ್ಟವಿದ್ದರೆ ಕಾಡುಕುರಿ (ಬೊಗಳುವ ಜಿಂಕೆ).

ಮೊದಲು ಆನ್‌ಲೈನಲ್ಲಿ 1,800 ರೂಪಾಯಿಗೆ ಒಂದು ದುರ್ಬೀನು ತರಿಸಿದ್ದೆ. ಮೈಮೇಲೆ 30×60 ಅಂತ ಬರೆದಿತ್ತು, ಅಂದರೆ ಮೂವತ್ತು ಪಟ್ಟು ಹತ್ತಿರ, ಮುಂದಿನ ಗಾಜು 60 ಮಿ.ಮೀ. ಅಗಲ. ಗಾಜು ಕೆಂಪಗೆ ಹೊಳೆಯುತ್ತಿತ್ತು. ಆ ಕೆಂಪು ಹೊಳಪೇ ತೊಂದರೆ: ಕೆಂಪು ಬೆಳಕನ್ನು ವಾಪಸ್ ಕಳಿಸುವ ಗಾಜಿನಲ್ಲಿ ಕಾಡೆಲ್ಲ ಹಸಿರುಹಸಿರಾಗಿ ಕಾಣುತ್ತದೆ. ಆಗಸ್ಟಿನಲ್ಲಿ ಒಳಗಾಜಿಗೆ ಬೂಷ್ಟು ಹಿಡಿಯಿತು, ಅಲ್ಲಿಗೆ ಮುಗಿಯಿತು.

ಈಗಿರುವ 8×42 ಅನ್ನು ಶಿವಮೊಗ್ಗದ ಅಂಗಡಿಯಲ್ಲಿ 9,400 ಕೊಟ್ಟು ತಂದೆ. ಅಂಗಡಿಯವರು 12×50 ತಗೊಳ್ಳಿ, ಜಾಸ್ತಿ ಹತ್ತಿರ ಕಾಣುತ್ತೆ ಅಂದರು. ಎತ್ತಿ ನೋಡಿದೆ, ಕೈ ನಡುಗಿದ್ದೆಲ್ಲ ಹನ್ನೆರಡು ಪಟ್ಟಾಗಿ ಕಂಡಿತು. ಇನ್ನೊಂದು ಲೆಕ್ಕವೂ ಇದೆ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 42ನ್ನು 8ರಿಂದ ಭಾಗಿಸಿ: 5.25 ಮಿ.ಮೀ. ಆ ಹಳೆಯದರಲ್ಲಿ ಬರೆದಿದ್ದು ನಿಜವೇ ಆಗಿದ್ದರೂ ಬರೀ 2. ಮಲೆನಾಡಿನ ಕಾಡಿನಲ್ಲಿ ಐದೂವರೆಗೇ ಕತ್ತಲೆ, ನಮಗೆ ಬೇಕಾದ್ದು ಈ ಬೆಳಕು.

ಕಳೆದ ನವೆಂಬರಿನಲ್ಲಿ ಗದ್ದೆ ಆಚೆಗೆ ಕಾಟಿ ಹಿಂಡು ಇಳಿಯಿತು. ಬರಿಗಣ್ಣಿಗೆ ನಾಲ್ಕು ಕರಿ ಬಂಡೆ, ಅಷ್ಟೇ. ದುರ್ಬೀನು ಹಿಡಿದರೆ ಮೊಣಕಾಲಿನ ಕೆಳಗೆ ಬಿಳಿ ಕಾಲುಚೀಲ ಹಾಕಿದಂತೆ ಸ್ಪಷ್ಟ. ಒಂದರ ಹೊಟ್ಟೆಯ ಮರೆಯಲ್ಲಿ ಬೆಲ್ಲದ ಬಣ್ಣದ ಕರು, ಇನ್ನೂ ಬಿಳಿ ಕಾಲು ಬಂದಿರಲಿಲ್ಲ. ನೊಣ ಓಡಿಸಲು ಕಿವಿ ಬಡಿಯುತ್ತಿತ್ತು. ನಾನು ಉಸಿರು ಬಿಗಿಹಿಡಿದು ಹತ್ತು ನಿಮಿಷ ನೋಡಿದೆ.

ಮಳೆಗೆ ಇದು ಬಗ್ಗಿಲ್ಲ. ನೈಟ್ರೋಜನ್ ತುಂಬಿ ಸೀಲ್ ಮಾಡಿದ್ದರಿಂದ ಎರಡು ಮಳೆಗಾಲದಲ್ಲಿ ಒಳಗೆ ಒಮ್ಮೆಯೂ ಮಂಜು ಕಟ್ಟಲಿಲ್ಲ. ಹೊರಗಾಜಿಗೆ ನಮ್ಮ ಉಸಿರು ತಾಗಿ ಮಸುಕಾಗುವುದು ಬೇರೆ, ಅದಕ್ಕೊಂದು ಹಳೆ ಪಂಚೆ ಚೂರು ಜೇಬಿನಲ್ಲಿರಲಿ. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಳೆಯನ್ನು ಪೂರ್ತಿ ಒಳಗೆ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಸುತ್ತ ಕಪ್ಪು ಕಟ್ಟುತ್ತದೆ.

ಪಟ್ಟಿ ಮಾತ್ರ ಕಳಪೆ, ಕುತ್ತಿಗೆ ಕೊಯ್ಯುತ್ತದೆ. ಮುಂದಿನ ಮುಚ್ಚಳ ಎರಡೂ ಜೂನಿನಲ್ಲೇ ಕಾಡುಪಾಲಾದವು.

ಕೊಳ್ಳುವವರು ಅಂಗಡಿಗೆ ಮಟಮಟ ಮಧ್ಯಾಹ್ನ ಹೋಗಬೇಡಿ, ಆಗ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ದೀಪ ಹಚ್ಚುವ ಹೊತ್ತಿಗೆ ಹೋಗಿ, ಹೊರಗೆ ನಿಂತು, ಎದುರು ಮರದ ಕೆಳಗಿನ ಕತ್ತಲೆಗೆ ಹಿಡಿದು ನೋಡಿ.