ವಿ-ಕ್ರಾಸ್‌ಗೆ ದೊಡ್ಡ ಟೈರ್: ಒಂದು ಮಳೆಗಾಲ ಓಡಿಸಿದ ಮೇಲೆ

ನಮ್ಮ ತೋಟ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಡಾಂಬರು ಬಿಟ್ಟ ಮೇಲೆ ಮನೆವರೆಗೂ ಮಣ್ಣು ರಸ್ತೆ. ನನ್ನ ಪಿಕಪ್ ಇಸುಜು ವಿ-ಕ್ರಾಸ್‌ಗೆ 2 ಇಂಚು ಲಿಫ್ಟ್ ಮಾಡಿಸಿದ್ದೆ. ಆದರೂ ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಉಂಡೆ) ರಸ್ತೆ ನಡುವಿನ ದಿಬ್ಬಕ್ಕೆ ಉಜ್ಜುತ್ತಿತ್ತು. ಲಿಫ್ಟ್ ಎತ್ತುವುದು ಬಾಡಿಯನ್ನು ಅಷ್ಟೇ. ಆಕ್ಸಲ್ ಮೇಲೇಳಬೇಕಾದರೆ ಟೈರೇ ದೊಡ್ಡದಾಗಬೇಕು, ಅಲ್ವಾ?

ಕಂಪನಿ ಟೈರಿನ ಅಳತೆ 255/60 ಆರ್18: ಅಗಲ ಮಿ.ಮೀ.ನಲ್ಲಿ, ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾವಾರು, ರಿಮ್ ಇಂಚಿನಲ್ಲಿ. ನಾನು 265/65 ಆರ್18 ಹಾಕಿಸಿದೆ. ಎತ್ತರ ಸುಮಾರು 38 ಮಿ.ಮೀ. ಜಾಸ್ತಿ, ಆಕ್ಸಲ್‌ಗೆ ಸಿಗುವುದು ಅದರ ಅರ್ಧ. ಆ ಒಂದು ಬೆರಳು ಜಾಗವೇ ಸಾಕಾಯಿತು.

ಶಿವಮೊಗ್ಗದ ಅಂಗಡಿಯಲ್ಲಿ ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರ್ ತಗೊಳ್ಳಿ ಎಂದರು. ನಾನು ಮಣ್ಣು, ಡಾಂಬರು ಎರಡಕ್ಕೂ ಆಗುವ ಆಲ್ ಟೆರೇನ್ ಆರಿಸಿದೆ. ವಾರಕ್ಕೆ ಎರಡು ಸಲ ಪೇಟೆಗೆ ಹೋಗಬೇಕು, ಒದ್ದೆ ಡಾಂಬರಿನಲ್ಲಿ ಹಿಡಿತ ಮುಖ್ಯ. ಸದ್ದೂ ಕಡಿಮೆ.

ಜುಲೈನಲ್ಲಿ ನಿಜವಾದ ಪರೀಕ್ಷೆ. ಅಡಿಕೆ ಗೊಬ್ಬರದ ಚೀಲ ತುಂಬಿಕೊಂಡು ಏರು ಹತ್ತುವಾಗ ಗಾಳಿಯ ಒತ್ತಡ 34 ಪಿಎಸ್‌ಐನಿಂದ 24ಕ್ಕೆ ಇಳಿಸಿದೆ. ಟೈರ್ ಸ್ವಲ್ಪ ಚಪ್ಪಟೆಯಾಗಿ ಕೆಂಪು ಜೇಡಿಯನ್ನು ಅಪ್ಪಿ ಹಿಡಿಯಿತು. ಟೈರ್ ಅಂಚಿನ ರಬ್ಬರ್ ಗಟ್ಟಿಗಳ ನಡುವೆ ಮೆತ್ತಿದ ಮಣ್ಣು ನಾಲ್ಕು ಸುತ್ತಿಗೆ ಹೆಂಟೆಹೆಂಟೆಯಾಗಿ ಸಿಡಿದು ಹೋಯಿತು. ಎಷ್ಟು ಖುಷಿ ಆಯಿತೆಂದರೆ, ಮೇಲೆ ಹೋಗಿ ಇಳಿದು ಟೈರ್ ಮುಟ್ಟಿ ನೋಡಿದೆ. ಡಾಂಬರಿಗೆ ಬರುವ ಮೊದಲು ಗಾಳಿ ಮತ್ತೆ ತುಂಬಲೇಬೇಕು. ಪುಟ್ಟ ಕಂಪ್ರೆಸರ್ ಗಾಡಿಯಲ್ಲೇ ಇಟ್ಟಿದ್ದೇನೆ.

ತೊಂದರೆಯೂ ಇದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರ್ ಒಳಗಿನ ಪ್ಲಾಸ್ಟಿಕ್‌ಗೆ ತಾಗುತ್ತಿತ್ತು, ಕತ್ತರಿಸಿ ಸರಿಮಾಡಿಸಿದೆ. ಎಳೆತ ಸ್ವಲ್ಪ ಮಂದ, ಮೈಲೇಜೂ ಇಳಿದಿದೆ. ಸ್ಪೀಡೋಮೀಟರ್ ಮುಳ್ಳು ಅಲ್ಲೇ ಇದ್ದರೂ, ಹಳೇ ಟೈರಿನಲ್ಲಿ 60ರಲ್ಲಿ ಓಡುತ್ತಿದ್ದ ಗಾಡಿ ಈಗ 63ರಲ್ಲಿ ಓಡುತ್ತದೆ. ಸ್ಟೆಪ್ನಿಯನ್ನೂ ಇದೇ ಅಳತೆಗೆ ಬದಲಿಸಿ, ಅದನ್ನು ಮರೆಯಬೇಡಿ.